ಮಧ್ಯಾಹ್ನದ ಬೀಗ

ನನಗೆ ಜಗಳ ಗೆಲ್ಲುವ ಚಟವಿತ್ತು. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ನಶ್ಯ, ನನಗೆ ಇದು. ಬ್ಯಾಂಕಿನಲ್ಲಿ ಕೆಲಸ ಮಾಡಿದಷ್ಟು ಕಾಲವೂ ಯೂನಿಯನ್ನಿನಲ್ಲಿದ್ದೆ. ಮಾತುಕತೆಗೆ ಕೂತು ನಾನು ಫೈಲು ಬಿಚ್ಚಿದರೆ ಮ್ಯಾನೇಜರರು ಮೊದಲು ನೀರು ತರಿಸಿಕೊಳ್ಳುತ್ತಾರೆ ಎಂದು ನಮ್ಮವರು ಹೇಳಿಕೊಂಡು ನಗುತ್ತಿದ್ದರು. ನನ್ನ ಗಂಡ ಮನೆಗೆ ಬಂದವರೆದುರು ಎಷ್ಟೋ ಸಲ ಹೇಳಿದ್ದುಂಟು: "ಇಕಿ ಕೂಡ ವಾದಾ ಮಾಡೋದಕ್ಕಿಂತ ಗ್ವಾಡಿಗೆ ತಲಿ ಹೊಡ್ಕೊಳ್ಳೋದು ಚಲೋರಿ. ಗ್ವಾಡಿ ತಿರುಗಿ ಮಾತಾಡಂಗಿಲ್ಲ." ನನಗೆ ಅದು ಬೈಗುಳವಾಗಿ ಕೇಳುತ್ತಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು.

ನಾನು ಹುಟ್ಟಿ ಬೆಳೆದದ್ದು ಸಿಕಂದರಾಬಾದಿನ ಹತ್ತಿರದ ಕಾಚಿಗೂಡದಲ್ಲಿ. ಅಪ್ಪ ಕಲಬುರಗಿ ಕಡೆಯವರು, ರೈಲ್ವೆಯಲ್ಲಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿಗೆ ಹೋದರೆ ಹಿಂದಿ. ಈ ಮೂರು ಭಾಷೆ ಬ್ಯಾಂಕಿನಲ್ಲಿ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಉಪಯೋಗಕ್ಕೆ ಬಂದದ್ದು ನಾನು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತು ಬೇಸತ್ತ ಮೇಲೆ. ಊರಿಗೆಲ್ಲ ಸಾಫ್ಟ್‌ವೇರಿನ ಹುಚ್ಚು ಹಿಡಿದಿದ್ದ ಕಾಲ ಅದು. ಲಿಂಗಂಪಲ್ಲಿಯಿಂದ ಈಚೆಗೆ ಬಂಡೆಗಳನ್ನು ಸಿಡಿಸಿ, ಆ ಜಾಗದಲ್ಲಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಗಾಜಿನೊಳಗೆ ಕೂರಲು ಬೆಂಗಳೂರು ಮೈಸೂರಿನಿಂದ ಹುಡುಗರು ಬರುತ್ತಿದ್ದರು. ಗಾಜು ಕೂರಿಸುವ ಮೊದಲಿನ ಎಲ್ಲ ಕೆಲಸಕ್ಕೆ ಯಾದಗಿರಿ, ರಾಯಚೂರು, ಸೇಡಂ ಕಡೆಯವರು ಬರುತ್ತಿದ್ದರು. ಕಟ್ಟಡ ಕಾರ್ಮಿಕರ ಯೂನಿಯನ್ನಿನಲ್ಲಿ ಇವರ ಜೊತೆ ಕನ್ನಡದಲ್ಲಿ ಮಾತಾಡುವವರು ಒಬ್ಬರೂ ಇರಲಿಲ್ಲ. ನನ್ನನ್ನು ಕರೆದರು, ನಾನು ಹೋದೆ.

ಸಂಬಳವಿಲ್ಲದ ಕೆಲಸ. ಪೆನ್ಷನ್ ಬರುತ್ತಿತ್ತು, ಮಕ್ಕಳು ದೊಡ್ಡವರಾಗಿದ್ದರು. ಸೈಟುಗಳಿಗೆ ಹೋಗಿ ಹೆಂಗಸರ ಜೊತೆ ಕೂತು, ಸದಸ್ಯತ್ವದ ಚೀಟಿ ಬರೆದುಕೊಟ್ಟು, ಕಂಪನಿಯವರೊಂದಿಗೆ ಜಗಳ ಕಾಯುವುದು ನನ್ನ ಪಾಲಿಗೆ ಬಂತು. ಅವರು ನನ್ನನ್ನು ಅಕ್ಕಾರ ಅನ್ನುತ್ತಿದ್ದರು. ಕೇಳಲು ಹಿತವಾಗಿತ್ತು.

ಆಗಲೇ ನಮ್ಮ ಯೂನಿಯನ್ನಿಗೆ ಹವಾಮಾನ ಬದಲಾವಣೆ ಎಂಬ ಮಾತು ಬಂದು ಸೇರಿದ್ದು. ಮೊದಮೊದಲು ಅದನ್ನು ಯಾರೂ ಹತ್ತಿರಕ್ಕೆ ಸೇರಿಸಲಿಲ್ಲ. ಹೊರದೇಶದ ಕಾರ್ಮಿಕ ಸಂಘಗಳಿಂದ ಕಾಗದ ಬಂದರೆ, ಇದು ಶ್ರೀಮಂತ ದೇಶಗಳು ನಮ್ಮ ಕಾರ್ಖಾನೆಗಳಿಗೆ ಬೀಗ ಹಾಕಿಸಲು ಹೂಡಿದ ಆಟ ಎಂದು ಹೇಳಿ ಪಕ್ಕಕ್ಕಿಡುತ್ತಿದ್ದೆವು. ಗಣಿ ಕಾರ್ಮಿಕರ ಮುಖಂಡರು ಸಭೆಗೆ ಬಂದಾಗಲೆಲ್ಲ ಮೇಜು ಗುದ್ದುತ್ತಿದ್ದರು. ಕಲ್ಲಿದ್ದಲು ನಿಂತರೆ ನಮ್ಮವರ ಮನೆಯ ಒಲೆ ನಿಲ್ಲುತ್ತದೆ, ಅದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ದೆಹಲಿಯ ಮುಖ್ಯ ಕಚೇರಿಯವರಿಗೆ ಏನಾದರೂ ಒಂದು ನಿಲುವು ಬೇಕಾಗಿತ್ತು. ಯಾರ ಕೆಲಸವೂ ಹೋಗಬಾರದು, ಯಾರೂ ಸಿಟ್ಟಾಗಬಾರದು, ನೋಡಿದವರು ಭೇಷ್ ಅನ್ನಬೇಕು. ಹಾವು ಸಾಯಬೇಕು, ಕೋಲು ಮುರಿಯಬಾರದು.

ಅಂಥ ಕೋಲನ್ನು ಹುಡುಕಿಕೊಟ್ಟವಳು ನಾನೇ. ಬೇಸಿಗೆಯಲ್ಲಿ ಕಟ್ಟಡದ ಕೆಲಸದವರು ಬಿಸಿಲಿಗೆ ತಲೆ ತಿರುಗಿ ಬೀಳುವುದನ್ನು ನೋಡಿದ್ದೆ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಅವರೇ ಹೇಳುತ್ತಿದ್ದರು. ಹಾಗಾದರೆ ಬೇಸಿಗೆಯಲ್ಲಿ ಹನ್ನೆರಡರಿಂದ ಮೂರರವರೆಗೆ ಕೆಲಸ ನಿಲ್ಲಿಸಬೇಕು ಎಂದು ಕೇಳೋಣ, ಇದೇ ನಮ್ಮ ಹವಾಮಾನ ನೀತಿಯಾಗಲಿ ಎಂದೆ. ನಮ್ಮ ಅಧ್ಯಕ್ಷರು ಕುರ್ಚಿಯಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಅವರು ಹಳೆಯ ಮನುಷ್ಯರು, ಹೋರಾಟಗಳಲ್ಲಿ ಜೈಲು ಕಂಡವರು, ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಆ ದಿನ ನಾನು ಕಾಚಿಗೂಡದ ಅಂಗಡಿಯಿಂದ ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಲಿಂಗಂಪಲ್ಲಿಯ ಹತ್ತಿರದ ಒಂದು ದೊಡ್ಡ ಸೈಟನ್ನು ಆರಿಸಿಕೊಂಡೆವು. ಕಂಪನಿಯ ಪರವಾಗಿ ಮಾತುಕತೆಗೆ ಬಂದವನು ಪ್ರಾಜೆಕ್ಟ್ ಎಂಜಿನಿಯರ್. ಮೃದು ಮಾತಿನ ತೆಲುಗಿನವನು, ಇಸ್ತ್ರಿ ಮುರಿಯದ ಅಂಗಿ. ನಾನು ಮಹಾಯುದ್ಧಕ್ಕೆ ತಯಾರಾಗಿ ಹೋಗಿದ್ದರೆ, ಅವನು ಎರಡನೆಯ ದಿನವೇ ಒಪ್ಪಿಬಿಟ್ಟ. ಬೆಳಿಗ್ಗೆ ಬೇಗ ಶುರು ಮಾಡುತ್ತೇವೆ, ಸಂಜೆ ತಡವಾಗಿ ಬಿಡುತ್ತೇವೆ, ಮಧ್ಯಾಹ್ನ ನಿಮ್ಮದು ಎಂದ.

ಇಷ್ಟು ಸುಲಭಕ್ಕೆ ಕೊಟ್ಟದ್ದನ್ನು ಕಂಡು ನನ್ನ ಮೂಗಿಗೆ ವಾಸನೆ ಹೊಡೆಯಿತು. ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಷಟರ್ ಅರ್ಧ ಇಳಿಸಿ, ಒಳಗೆ ನಮ್ಮಿಂದ ಲೆಕ್ಕ ಬರೆಸುತ್ತಿದ್ದವರನ್ನು ಕಂಡವಳು ನಾನು. ಕಾಗದದ ಮೇಲೆ ವಿರಾಮ ಕೊಟ್ಟು, ಕಟ್ಟಡದೊಳಗೆ ಸದ್ದಿಲ್ಲದೆ ಇಟ್ಟಿಗೆ ಹೊರಿಸಿದರೆ ನೋಡುವವರು ಯಾರು? ಹಾಗಾಗಿ ಒಂದು ಸಾಲು ಸೇರಿಸಬೇಕು ಎಂದೆ. ವಿರಾಮದ ಹೊತ್ತಿನಲ್ಲಿ ಕಟ್ಟಡದೊಳಗೆ ಯಾರೂ ಇರಕೂಡದು. ಎಲ್ಲರನ್ನೂ ಹೊರಗೆ ಕಳಿಸಿ ಬೀಗ ಹಾಕಬೇಕು.

ಎಂಜಿನಿಯರ್ ನನ್ನ ಮುಖ ನೋಡಿದ. "ಯಾರೂ ಅಂದರೆ ಯಾರೂ ಇರಬಾರದಾ ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ.

"ಯಾರೂ ಅಂದರೆ ಯಾರೂ," ಎಂದೆ.

ಅವನು ತಲೆಯಾಡಿಸಿ ಬರೆದುಕೊಂಡ. ನಾನು ಗೆದ್ದೆ ಅಂದುಕೊಂಡೆ. ಅಧ್ಯಕ್ಷರು ಆ ಸಾಲನ್ನು ಓದಿ, ಇಂಥದ್ದು ನಿಮಗೆ ಮಾತ್ರ ಹೊಳೆಯುತ್ತದೆ ಅಮ್ಮಾ ಎಂದರು. ಯೂನಿಯನ್ನಿನವರಿಗೆ ಮಾತ್ರ ಹೊಳೆಯುವಂಥದ್ದು ಅದು. ಮಾಲೀಕ ಎಲ್ಲಿ ಮೋಸ ಮಾಡಿಯಾನು ಎಂಬುದನ್ನು ಹತ್ತು ಕಡೆಯಿಂದ ಯೋಚಿಸುತ್ತೇವೆ. ನಮ್ಮವರು ಎಲ್ಲಿ ಕೂತುಕೊಳ್ಳುತ್ತಾರೆ ಎಂದು ಯೋಚಿಸುವುದಿಲ್ಲ.

ಬೇಸಿಗೆ ಶುರುವಾಯಿತು. ನಾನು ಸೈಟಿಗೆ ಬೆಳಿಗ್ಗೆ ಹೋಗುತ್ತಿದ್ದೆ, ಇಲ್ಲವೇ ಸಂಜೆ. ಮಧ್ಯಾಹ್ನದ ಬಿಸಿಲಿನಲ್ಲಿ ಮನೆಯಿಂದ ಹೊರಡುವ ಬುದ್ಧಿ ಯಾರಿಗಿರುತ್ತದೆ? ಮನೆಯಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಕೂಲರಿನ ಮುಂದೆ ಮಲಗುತ್ತಿದ್ದೆ. ಇದೇ ಹೊತ್ತಿಗೆ ಅಲ್ಲಿ ಅವರೂ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ ಎಂದು ನೆನೆಸಿ ಸಮಾಧಾನಪಡುತ್ತಿದ್ದೆ. ಈಗ ಅದನ್ನು ಬರೆಯುತ್ತಿದ್ದರೆ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ಸಿಕಂದರಾಬಾದಿನಲ್ಲಿ ದೊಡ್ಡ ಸಮ್ಮೇಳನ ಮಾಡುವುದೆಂದು ನಿಶ್ಚಯವಾಯಿತು. ಬೇರೆ ಬೇರೆ ರಾಜ್ಯಗಳ ಸಂಘಗಳು ಬರುತ್ತವೆ, ಹವಾಮಾನದ ಬಗ್ಗೆ ಕಾರ್ಮಿಕರ ನಿಲುವು ಏನೆಂದು ಠರಾವು ಮಾಡುತ್ತೇವೆ, ನಮ್ಮ ಒಪ್ಪಂದವನ್ನು ಮಾದರಿಯಾಗಿ ತೋರಿಸುತ್ತೇವೆ. ವಿಶ್ರಾಂತಿಯಿಂದ ಅನುಕೂಲವಾದ ಒಬ್ಬ ಹೆಂಗಸನ್ನು ಕರೆತನ್ನಿ, ವೇದಿಕೆಯ ಮೇಲೆ ಎರಡು ಮಾತಾಡಲಿ ಎಂದು ಅಧ್ಯಕ್ಷರು ನನಗೆ ಹೇಳಿದರು. ಹಾಗೆ ಹುಡುಕಿಕೊಂಡು ನಾನು ಮೊದಲ ಸಲ ಮಧ್ಯಾಹ್ನದ ಹೊತ್ತಿನಲ್ಲಿ ಆ ಸೈಟಿಗೆ ಹೋದೆ.

ಕಟ್ಟಡದ ಗೇಟಿಗೆ ಬೀಗ ಬಿದ್ದಿತ್ತು. ಒಪ್ಪಂದ ಪಾಲಿಸಿದ್ದಾರೆ ಎಂದು ಮೆಚ್ಚಿಕೊಂಡು ಹಿಂದಕ್ಕೆ ಹೋದೆ. ಅಲ್ಲಿ ಕೆಲಸದವರು ಇರುವ ತಗಡಿನ ಶೆಡ್ಡುಗಳ ಸಾಲು. ಗೋಡೆಯೂ ತಗಡು, ಮಾಡೂ ತಗಡು. ಕೈ ತಾಗಿಸಿದರೆ ಚುರ್ ಅನ್ನುವಷ್ಟು ಕಾದಿತ್ತು. ಒಳಗೆ ಇರಲಾಗದೆ ಜನ ಎರಡು ಸಾಲಿನ ನಡುವಿನ ಗೇಣಗಲ ನೆರಳಿನಲ್ಲಿ ಗೋಡೆಗೆ ಬೆನ್ನು ತಾಗದಂತೆ ಕುಕ್ಕರಗಾಲಿನಲ್ಲಿ ಕೂತಿದ್ದರು. ನೆರಳು ಸರಿದಂತೆ ಅವರೂ ಸರಿಯುತ್ತಿದ್ದರು. ಕೆಲವು ಗಂಡಸರು ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಖಾಲಿ ಪೈಪಿನೊಳಗೆ ಮಲಗಿದ್ದರು.

ಒಬ್ಬಳು ಎದ್ದು ನನಗೆ ಜಾಗ ಬಿಟ್ಟುಕೊಟ್ಟಳು. ಯಾದಗಿರಿ ಕಡೆಯ ಹೆಂಗಸು, ಇಪ್ಪತ್ತರ ಆಚೀಚೆ ವಯಸ್ಸು, ಉಸುಕಿನ ಬುಟ್ಟಿ ಹೊರುವವಳು. ನನ್ನ ಕೈಯಿಂದಲೇ ಸದಸ್ಯತ್ವದ ಚೀಟಿ ತೆಗೆದುಕೊಂಡಿದ್ದಳು. ತೊಡೆಯ ಮೇಲೆ ಇನ್ನೂ ಹಲ್ಲು ಮೂಡದ ಕೂಸಿತ್ತು. ಅದರ ಕತ್ತು, ಕಂಕುಳು ಎಲ್ಲ ಬೆವರು ಗುಳ್ಳೆ ಎದ್ದು ಕೆಂಪಾಗಿತ್ತು. ಅವಳ ಅತ್ತೆ ಪಕ್ಕದಲ್ಲಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು.

"ಕೂಸಿಗೆ ಏನಾತವ್ವ?" ಎಂದೆ.

"ಝಳಾರಿ ಅಕ್ಕಾರ. ನಾಕ್ ದಿನದಿಂದ ಹೊಟ್ಟಿ ನಡದು ಭೇದಿ ಹತ್ತೈತಿ. ಮಲಿ ಹಿಡ್ಯಾಕ ಒಲ್ಲದು."

ಹಿಂದಿನ ಬೇಸಿಗೆಯಲ್ಲಿ ಹೇಗಿದ್ದಿರಿ ಎಂದು ಕೇಳಿದೆ. ಅವಳು ಕಟ್ಟಡದ ಕಡೆ ಕೈ ಮಾಡಿದಳು.

"ಅಲ್ಲಿ ಕೆಳಗ ಸೆಲ್ಲಾರ್ ಐತಲ್ರಿ, ತಣ್ಣಗ ಇರ್ತೈತಿ, ಬಾವಿ ಇದ್ದಂಗ. ಮಧ್ಯಾಹ್ನ ರೊಟ್ಟಿ ಅಲ್ಲೇ ತಿಂತಿದ್ವಿ, ಹೆಂಗಸರು ಅಲ್ಲೇ ಅಡ್ಡ ಆಗ್ತಿದ್ರು. ಈಗ ಕೂಸು ಹುಟ್ಟಿದ ಮ್ಯಾಲೆ ಎರಡು ಕಂಬದ ನಡುವ ಸೀರಿ ಕಟ್ಟಿ ಇದನ್ನ ಜೋಲ್ಯಾಗ ಹಾಕ್ತಿದ್ನಿರಿ. ಅತ್ತಿ ತೂಗ್ತಿದ್ಲು. ಬುಟ್ಟಿ ಇಳಿಸಿ ಬಂದು ಹಾಲ್ ಕೊಟ್ಟು ಹೋಗ್ತಿದ್ದೆ. ಮುಂಜಾನೆ ಈಗೂ ಬಿಡ್ತಾರ. ಹನ್ನೆರಡಾತಂದ್ರ ಮುದುಕ್ಯಾರು, ಕೂಸು, ಎಲ್ಲಾರ್ನೂ ಹೊರಗ ಹಾಕಿ ಬೀಗ ಜಡಿತಾರ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ ಎಂದು ಬೇರೆಯವರಿಗೆ ಎಷ್ಟು ಸಲ ಹೇಳಿ ನಕ್ಕಿದ್ದೇನೆ. ಆ ಬೀಗ ಹಾಕಿಸಿದವಳು ನಾನು ಎಂದು ಅವಳಿಗೆ ಹೇಳಬೇಕಿತ್ತು. ಹೇಳುವ ಬದಲು ಕೂಸಿನ ಹಣೆ ಮುಟ್ಟಿ ನೋಡಿದೆ.

"ಬೀಗ ತೆಗಸ್ರಿ ಅಕ್ಕಾರ," ಎಂದಳು. "ಇಲ್ಲಾಂದ್ರ ಕೂಸನ್ನ ಅತ್ತಿ ಕೂಡ ಊರಿಗೆ ಕಳಸ್ಬೇಕಾಗ್ತೈತಿ. ಇಲ್ಲಿ ಉಳಿಯಂಗಿಲ್ಲ ಇದು."

"ನೀನೂ ಹೋಗವ್ವ ಕೂಸಿನ ಕೂಡ. ಮಲಿ ಕುಡಿಯೋ ಕೂಸು."

"ಜೋಡಿ ಅಂತ ಹಿಡದಾರ್ರಿ ನಮ್ಮನ್ನ. ನಾ ಹೋದ್ರ ಅವನ್ನೂ ಕಳಸ್ತಾರ."

ಜೋಡಿ ಎಂದರೆ ಗಂಡ ಹೆಂಡತಿ ಸೇರಿ ಒಂದು ಆಳು. ಮೇಸ್ತ್ರಿಗಳು ಊರಿಂದ ಜನರನ್ನು ಕರೆತರುವುದೇ ಹಾಗೆ. ಎರಡು ಕತ್ತಿನ ಮೇಲೆ ಒಂದೇ ನೊಗ, ಒಬ್ಬರು ಕಳಚಿಕೊಂಡರೆ ಇನ್ನೊಬ್ಬರಿಗೂ ಕೆಲಸವಿಲ್ಲ. ಅವಳೂ ಗಂಡನೂ ಉಳಿಯಲೇಬೇಕು. ಕೂಸು ಉಳಿಯುವುದೋ ತಾಯಿಯನ್ನು ಬಿಟ್ಟು ಹೋಗುವುದೋ ಎಂಬುದು ಆ ಬೀಗದ ಮೇಲೆ ನಿಂತಿತ್ತು.

ನೇರ ಎಂಜಿನಿಯರನ ಆಫೀಸಿಗೆ ಹೋದೆ. ಅವನ ಕೋಣೆಗೆ ಏಸಿ ಇತ್ತು. ಸೆಲ್ಲಾರನ್ನಾದರೂ ತೆರೆದಿಡಿ, ಮಕ್ಕಳು ಮುದುಕಿಯರಾದರೂ ಒಳಗಿರಲಿ ಎಂದೆ. ಅವನು ಒಂದೂ ಬಿರುಸು ಮಾತಾಡಲಿಲ್ಲ. ಒಪ್ಪಂದವನ್ನು ತೆಗೆದು ನನ್ನ ಮುಂದಿಟ್ಟು, ನನ್ನ ಸಾಲಿನ ಮೇಲೆ ಬೆರಳಿಟ್ಟ.

"ನಾನು ಆವತ್ತೇ ಕೇಳಿದ್ದೆ ಮೇಡಂ. ಈಗ ನಾನಾಗಿ ತೆಗೆದರೆ, ವಿರಾಮದಲ್ಲಿ ಕೆಲಸ ಮಾಡಿಸುತ್ತಿದ್ದಾರೆ ಎಂದು ನಾಳೆ ನೀವೇ ಗೇಟಿನ ಮುಂದೆ ಕೂರುತ್ತೀರಿ. ನಿಮ್ಮ ಅಧ್ಯಕ್ಷರು ಒಂದು ಮಾತು ಬರೆದುಕೊಡಲಿ, ಇವತ್ತೇ ತೆಗೆಸುತ್ತೇನೆ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ದಾರಿಯುದ್ದಕ್ಕೂ ಪ್ರಯತ್ನಪಟ್ಟೆ. ಸಿಗಲಿಲ್ಲ.

ಅಧ್ಯಕ್ಷರು ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜವಾಗಿ ನೊಂದುಕೊಂಡರು, ನಾಟಕವಲ್ಲ. ಆದರೆ ಸಮ್ಮೇಳನ ಮುಂದಿನ ವಾರವೇ ಇತ್ತು, ಒಪ್ಪಂದದ ಪ್ರತಿ ಅಚ್ಚಾಗಿತ್ತು. "ಈಗ ತಿದ್ದಿದರೆ ಗಣಿಯವರು ನಗುತ್ತಾರೆ ಅಮ್ಮಾ. ನಿಮ್ಮ ಹವಾಮಾನ ನೀತಿ ಒಂದು ಬೇಸಿಗೆಯೂ ಬಾಳಲಿಲ್ಲ ಅನ್ನುತ್ತಾರೆ. ಇಡೀ ವಿರಾಮವೇ ದಂಡ ಎಂದು ಕಂಪನಿಗಳು ಅದನ್ನೇ ಹಿಡಿದುಕೊಳ್ಳುತ್ತವೆ. ಸಮ್ಮೇಳನ ಮುಗಿಯಲಿ, ಮಾರನೆಯ ದಿನವೇ ಬರೆದುಕೊಡುತ್ತೇನೆ."

ಊರಿಗೆಲ್ಲ ಬಾಯಿ ಜೋರು ಎಂದು ಹೆಸರಾದ ನಾನು ಆವತ್ತು ಬಾಯಿ ಬಿಡಲಿಲ್ಲ. ಕೂಸಿಗೆ ಒಂದು ವಾರ ಎಂದರೆ ಎಷ್ಟು ಎಂದು ಎರಡು ಹೆತ್ತವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಆ ಒಪ್ಪಂದವನ್ನು ಎಲ್ಲರೂ ನಿಮ್ಮ ಒಪ್ಪಂದ, ನಿಮ್ಮ ಒಪ್ಪಂದ ಎಂದು ನನಗೇ ಕಟ್ಟಿದ್ದರು. ಅದು ಕೆಟ್ಟಿದೆ ಎಂದು ಎದ್ದು ಹೇಳುವ ಎದೆ ನನಗಾಗಲಿಲ್ಲ. ಅದರ ಬದಲು ಒಂದು ಉಪಾಯ ಹೂಡಿದೆ. ವೇದಿಕೆಗೆ ಇವಳನ್ನೇ ಕರೆತರುವುದು. ಎಂಜಿನಿಯರನೂ ಅತಿಥಿಯಾಗಿ ಮೇಲೆ ಕೂತಿರುತ್ತಾನೆ, ಅಧ್ಯಕ್ಷರೂ ಇರುತ್ತಾರೆ. ಇಡೀ ಸಭೆಯ ಮುಂದೆ ಅವಳೇ ಬೀಗ ತೆಗೆಸಿ ಎಂದು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಅವಳ ಬಾಯಿಂದ ಬಂದರೆ ಅದು ಕಾರ್ಮಿಕರ ಬೇಡಿಕೆಯಾಗುತ್ತದೆ, ನನ್ನ ಬಾಯಿಂದ ಬಂದರೆ ನನ್ನ ತಪ್ಪಾಗುತ್ತದೆ. ಲೆಕ್ಕ ನನಗೆ ಆಗಲೇ ಸ್ಪಷ್ಟವಾಗಿತ್ತು.

ಅವಳಿಗೆ ಹೇಳಿದೆ: "ಅಲ್ಲಿ ಯಾರಿಗೂ ಅಂಜಬ್ಯಾಡವ್ವ. ಇದ್ದದ್ದನ್ನ ಇದ್ದಂಗ ಹೇಳು. ನಿನ್ನ ಕನ್ನಡ ಅವರಿಗೆ ತಿಳಿಯಂಗಿಲ್ಲ, ನಾ ಹಿಂದಿಯಾಗ ಹೇಳ್ತೀನಿ."

"ಆತ್ರಿ," ಎಂದಳು.

ಸಿಕಂದರಾಬಾದಿನ ಆ ಸಭಾಂಗಣ ಎಷ್ಟು ತಣ್ಣಗಿತ್ತೆಂದರೆ ಅವಳು ಸೆರಗನ್ನು ಎರಡು ಸುತ್ತು ಹೊದ್ದುಕೊಂಡಳು. ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಬಂದಿದ್ದಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟಿದ್ದಳು. ಭಾಷಣಗಳು ಶುರುವಾದವು. ಗಣಿಯವರ ಮುಖಂಡರು ತಮ್ಮ ಮಾತು ತಾವು ಆಡಿದರು. ಬಂದರಿನವರು, ಬ್ಯಾಂಕಿನವರು, ಯಾರೋ ಒಬ್ಬರು ಹೊರದೇಶದಿಂದ ಬಂದವರು. ಎಲ್ಲರೂ ಬಿಸಿಲಿನ ಬಗ್ಗೆ ಮಾತಾಡಿದರು. ಅವಳು ನನ್ನ ಪಕ್ಕದಲ್ಲಿ ಕೈಕಟ್ಟಿ ಕೂತು ಒಬ್ಬೊಬ್ಬರನ್ನೂ ನೋಡುತ್ತಿದ್ದಳು.

ಅಧ್ಯಕ್ಷರು ಎದ್ದು ನಮ್ಮ ಒಪ್ಪಂದದ ವಿಷಯ ಹೇಳಿದರು. ದೇಶಕ್ಕೇ ಮಾದರಿ ಎಂದರು. ಇದರ ಒಂದೊಂದು ಸಾಲನ್ನೂ ಹೋರಾಡಿ ಬರೆಸಿದವರು ಇವರು ಎಂದು ನನ್ನ ಕಡೆ ಕೈ ತೋರಿಸಿದರು. ಸಭೆ ಚಪ್ಪಾಳೆ ಹೊಡೆಯಿತು. ಏನಂದರು ಎಂದು ಅವಳು ಕೇಳಿದ್ದಕ್ಕೆ ಅದನ್ನು ಕನ್ನಡದಲ್ಲಿ ಹೇಳಿದೆ. ನಾನು ಎದ್ದು ಕೈಮುಗಿದೆ. ಕೂರುವಾಗ ನೋಡಿದರೆ ಅವಳು ನನ್ನನ್ನೇ ನೋಡುತ್ತಿದ್ದಳು, ಆಮೇಲೆ ಅಧ್ಯಕ್ಷರನ್ನು ನೋಡಿದಳು, ಆಮೇಲೆ ಮುಂದಿನ ಸಾಲಿನಲ್ಲಿದ್ದ ದೆಹಲಿಯವರನ್ನು.

ಅವಳನ್ನು ಕರೆದರು. ನಾನು ಜೊತೆಗೆ ಹೋಗಿ ಪಕ್ಕದಲ್ಲಿ ನಿಂತೆ. ಮೈಕಿನ ಎತ್ತರ ಇಳಿಸಿದರು. ಅವಳು ಗಟ್ಟಿ ದನಿಯಲ್ಲಿ, ಚೂರೂ ತಡವರಿಸದೆ ಹೇಳಿದಳು:

"ನಮಗ ಭಾಳ ಚಲೋ ಆಗೈತ್ರಿ. ಮೊದಲ ಬಿಸಿಲಾಗ ದುಡೀತಿದ್ವಿ. ಈಗ ಮಧ್ಯಾಹ್ನ ಆರಾಮ ಕುಂದರ್ತೀವಿ. ಕೂಸಿಗೆ ಹಾಲ್ ಕುಡಸಾಕ ಪುರುಸೊತ್ತು ಸಿಗ್ತೈತಿ. ಈ ಅಕ್ಕಾರು ನಮ್ಮ ಸಲುವಾಗಿ ಭಾಳ ಬಡದಾಡ್ಯಾರ. ಇವರಿಗೆ ಪುಣ್ಯ ಬರ್ಲಿರಿ."

ಸಭೆ ನನ್ನ ಮುಖ ನೋಡಿತು. ಅವಳೂ ನೋಡಿದಳು, ಹೇಳಿ ಎನ್ನುವ ಹಾಗೆ.

ಆ ಸಭಾಂಗಣದಲ್ಲಿ ಅವಳನ್ನು ಬಿಟ್ಟರೆ ಕನ್ನಡ ಬಲ್ಲವಳು ನಾನೊಬ್ಬಳೇ. ಶೆಡ್ಡಿನ ಮುಂದೆ ಅವಳು ನನಗೆ ಹೇಳಿದ್ದನ್ನೇ ಹಿಂದಿಯಲ್ಲಿ ಹೇಳಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನಗೆ ಹೊಳೆಯಲಿಲ್ಲ ಎಂದು ಬರೆಯಲಾರೆ, ಹೊಳೆಯಿತು. ಆದರೆ ಅವಳು ಆಡಿದ ಒಂದೊಂದು ಮಾತನ್ನೂ, ಒಂದನ್ನೂ ಬಿಡದೆ, ಅದೇ ವರಸೆಯಲ್ಲಿ ಹಿಂದಿಗೆ ತಿರುಗಿಸಿದೆ. ನನಗೆ ಪುಣ್ಯ ಬರಲಿ ಎಂದದ್ದನ್ನೂ ಬಿಡಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಣಿಯವರೂ ತಟ್ಟಿದರು. ವೇದಿಕೆಯ ಮೇಲಿದ್ದ ಎಂಜಿನಿಯರ್ ನನ್ನನ್ನು ಬೆರಗಿನಿಂದ ನೋಡಿ, ಆಮೇಲೆ ತಾನೂ ಮೆಲ್ಲಗೆ ತಟ್ಟಿದ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತೆಂದು ನನಗೆ ಅರ್ಥವಾಯಿತು.

ವಾಪಸು ಲೋಕಲ್ ಟ್ರೇನಿನಲ್ಲಿ ನಾನು ಅವಳ ಜೊತೆ ಮಾತಾಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು! ಇಷ್ಟೆಲ್ಲ ಹೊಂದಿಸಿಕೊಟ್ಟೆ, ಬಾಯಿಗೆ ಬಂದ ತುತ್ತನ್ನು ಕೆಡವಿದಳು, ಇವರಿಗಾಗಿ ಸಾಯಬೇಕು, ಇವರಿಗೆ ಮಾತ್ರ ಬುದ್ಧಿ ಬರುವುದಿಲ್ಲ ಎಂದು ಒಳಗೇ ಗೊಣಗುತ್ತ ಕಿಟಕಿಯಾಚೆ ನೋಡುತ್ತಿದ್ದೆ. ಅವಳು ಸಭೆಯಲ್ಲಿ ಕೊಟ್ಟ ಊಟದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಿಂದಿರಲಿಲ್ಲ, ಗಂಡನಿಗೆ ಒಯ್ಯುತ್ತಿದ್ದಳು.

ಮಾರನೆಯ ದಿನ ಅಧ್ಯಕ್ಷರಿಗೆ ಅವರ ಮಾತು ನೆನಪಿಸಿದೆ. ಅವರು ದೆಹಲಿಯವರ ಜೊತೆ ಹೊರಟು ನಿಂತಿದ್ದರು. "ಆ ತಾಯಿ ಅಷ್ಟು ಚೆನ್ನಾಗಿದೆ ಅಂದಳಲ್ಲ ಅಮ್ಮಾ, ಈಗ ಏನಂತ ತಿದ್ದುವುದು? ಬಂದು ನೋಡೋಣ," ಎಂದರು. ಎಂಜಿನಿಯರ್ ಕೂಡ ಅದೇ ಮಾತನ್ನು ಬೇರೆ ನಯದಲ್ಲಿ ಹೇಳಿದ. ನಾನು ಇಬ್ಬರ ಜೊತೆಗೂ ವಾರಗಟ್ಟಲೆ ಕೂಗಾಡಿದೆ, ಈ ಸಲ ನಿಜವಾಗಿ ಕೂಗಾಡಿದೆ. ಕೂಗಾಟ ಫಲ ಕೊಟ್ಟಿತು, ಆ ಸಾಲನ್ನು ತೆಗೆದರು. ಆದರೆ ಅಷ್ಟರಲ್ಲಿ ಮೊದಲ ಮಳೆ ಬಿದ್ದು, ಸೆಲ್ಲಾರಿನಲ್ಲಿ ಮೊಣಕಾಲುದ್ದ ನೀರು ನಿಂತಿತ್ತು.

ಕೂಸನ್ನು ಕಳಿಸಿದ್ದು ಅದಕ್ಕೆ ಬಹಳ ಮೊದಲು, ಸಮ್ಮೇಳನವಾದ ಮರುವಾರವೇ. ಇಂಥ ದಿನ ಕಳಿಸುತ್ತಾರೆ ಎಂದು ಬೇರೊಬ್ಬಳಿಂದ ತಿಳಿದು, ನಾನು ಲಿಂಗಂಪಲ್ಲಿ ಸ್ಟೇಷನ್ನಿಗೆ ಹೋದೆ. ವಾಡಿ ಕಡೆಯ ಪ್ಯಾಸೆಂಜರ್ ಬೆಳಿಗ್ಗೆ ಬರುತ್ತಿತ್ತು. ಅತ್ತೆ ಗಂಟುಗಳ ಮೇಲೆ ಕೂತಿದ್ದಳು. ಸೊಸೆ ಗೋಡೆಯ ಕಡೆ ತಿರುಗಿ ಕೂಸಿಗೆ ಹಾಲು ಕೊಡುತ್ತಿದ್ದಳು. ಅದು ಎರಡು ಗುಟುಕು ಕುಡಿದು ಬಿಡುತ್ತಿತ್ತು, ಅವಳು ಮತ್ತೆ ಹಿಡಿಸುತ್ತಿದ್ದಳು. ರೈಲು ಬಂದಾಗಲೂ ಹಿಡಿಸುತ್ತಲೇ ಇದ್ದಳು. ಅತ್ತೆ ಒಳಗೆ ಹತ್ತಿ ಕೈ ಚಾಚಿದ ಮೇಲೆ ಕೊಟ್ಟಳು. ಕೂಸು ಅಳಲಿಲ್ಲ. ಅಳುವಷ್ಟು ಶಕ್ತಿ ಅದಕ್ಕೆ ಇರಲಿಲ್ಲವೇನೋ.

ರೈಲು ಹೋದ ಮೇಲೆ ಇಬ್ಬರೂ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆವು. ಅವಳ ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು, ಸೆರಗಿನಿಂದ ಮುಚ್ಚಿಕೊಂಡಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಆ ಬೀಗ ನಾನೇ ಹಾಕಿಸಿದ್ದವ್ವ," ಎಂದೆ.

"ಗೊತ್ತೈತ್ರಿ ಅಕ್ಕಾರ. ಬೀಗ ಹಾಕಿದ ದಿನಾನ ಮೇಸ್ತ್ರಿ ಹೇಳ್ಯಾನ, ನಿಮ್ಮ ಯೂನಿಯನ್ ಅಕ್ಕ ಹೇಳಿ ಹಾಕಿಸ್ಯಾಳ ಅಂತ."

"ಗೊತ್ತಿದ್ದೂ ಮೈಕಿನ್ಯಾಗ ಯಾಕ ಹಂಗ ಅಂದಿ? ಇದ್ದದ್ದನ್ನ ಹೇಳು ಅಂದಿದ್ನಲ್ಲ."

ಅವಳು ನನಗೆ ತಿಳುವಳಿಕೆ ಕಡಿಮೆ ಎಂಬಂತೆ ನೋಡಿದಳು. "ನಿಮ್ಮ ದೊಡ್ಡವರೆಲ್ಲ ಕುಂತಿದ್ರಲ್ರಿ ಅಲ್ಲಿ. ಒಂದೊಂದ್ ಸಾಲೂ ನೀವ ಬರ್ಸೀರಿ ಅಂತ ಅವರ ಮುಂದ ಹೇಳಿದ್ರಲ್ಲ. ನಾ ಎದ್ದು, ಅದರಾಗ ಒಂದು ತಪ್ಪೈತಿ, ನನ್ನ ಕೂಸು ಸಾಯಾಕತ್ತೈತಿ ಅಂದ್ರ ನಿಮ್ಮನ್ನ ಕೆಲಸದಾಗ ಇಟ್ಕೋತಿದ್ರೇನ್ರಿ? ನಮ್ಮ ಕಡಿ ಯಾವ ಸಾಹೇಬ್ರು ಬಂದು ಕೇಳಿದ್ರೂ ನಾವು ನಮ್ಮವರನ್ನ ಬಿಟ್ಟುಕೊಡಂಗಿಲ್ಲರಿ. ಮೇಸ್ತ್ರಿ ಎಷ್ಟ ಕೆಟ್ಟಾವ ಇರ್ಲಿ, ಚಲೋ ಅದಾನ್ರಿ ಅಂತೀವಿ. ಇಲ್ಲಾಂದ್ರ ಅವನ ಹೊಟ್ಟಿಮ್ಯಾಲೆ ಹೊಡದಂಗ. ನೀವಂತೂ ನಮ್ಮ ಅಕ್ಕಾರು."

ಅವಳು ನನ್ನ ಕೆಲಸ ಉಳಿಸಿದ್ದಳು. ಮೂರು ದಶಕ ಯೂನಿಯನ್ನಿನಲ್ಲಿದ್ದ ನನ್ನ ಪರವಾಗಿ, ನನ್ನ ಮಾಲೀಕರೆಂದು ಅವಳು ತಿಳಿದಿದ್ದವರ ಮುಂದೆ, ಹಾಗೆ ನಿಂತವರು ಅವಳ ಹೊರತು ಇನ್ನೊಬ್ಬರಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಅವಳು ಹಾಗೆಯೇ ನಂಬಿಕೊಂಡಿರಲಿ ಎಂದು ಬಿಡುವುದು ಬಹುಶಃ ದಯೆಯೂ ಆಗುತ್ತಿತ್ತು. ಆದರೆ ಮತ್ತೊಂದು ಸುಳ್ಳನ್ನು ಅವಳಿಂದ ಹೊರಿಸಲು ನನಗಾಗಲಿಲ್ಲ.

"ನನಗ ಸಂಬಳ ಇಲ್ಲವ್ವ ಅಲ್ಲಿ," ಎಂದೆ. "ಅವರು ನನ್ನ ಮಾಲಕರಲ್ಲ. ಬ್ಯಾಂಕಿನ ಪೆನ್ಷನ್ ಬರ್ತೈತಿ. ನನ್ನ ಕೆಲಸ ಯಾರೂ ತಗ್ಯಾಕ ಬರಂಗಿಲ್ಲ."

ಅವಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೈಲು ಹೋದ ದಿಕ್ಕಿಗೆ ಒಮ್ಮೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು.

"ಹಂಗಾದ್ರ, ನಾ ಅಂದಿದ್ರ ನಡೀತಿತ್ತೇನ್ರಿ?"

"ನಡೀತಿತ್ತವ್ವ," ಎಂದೆ.

ಅವಳು ಒಂದು ಮಾತು ಬೈದಿದ್ದರೆ, ಕೂಗಿದ್ದರೆ, ನಾನು ಜೀವಮಾನದಲ್ಲಿ ಮೊದಲ ಸಲ ವಾದ ಮಾಡದೆ ಕೇಳಿಸಿಕೊಳ್ಳುತ್ತಿದ್ದೆ. ಅವಳು ಎದ್ದು ಸೀರೆ ಸರಿಮಾಡಿಕೊಂಡು, ಕೆಲಸಕ್ಕೆ ಹೊತ್ತಾತು, ಬರ್ತೀನ್ರಿ ಎಂದಳು. ಅಕ್ಕಾರ ಅನ್ನಲಿಲ್ಲ.